ಮೊದಲು ಸಹಿ, ಆಮೇಲೆ ಕೋನಮಾಪಕ

ಷಟ್ಕೋನದ ಬುಡವುಳ್ಳ ಪಿರಮಿಡ್ಡೊಂದು ಬುಡದ ಒಂದೇ ಒಂದು ಮೂಲೆಯನ್ನು ನೆಲಕ್ಕೂರಿ ನಿಂತಿದೆ. ಅದರ ಅಕ್ಷ ನೆಲಕ್ಕೆ 45 ಡಿಗ್ರಿ ವಾಲಿದೆ. ಮೇಲಿನಿಂದ ನೋಡಿದರೆ ಅದೇ ಅಕ್ಷ ಗೋಡೆಗೆ 30 ಡಿಗ್ರಿ ಓರೆಯಾಗಿ ಕಾಣುತ್ತದೆ. ಯಾಕೆ ಹಾಗೆ ನಿಂತಿದೆ, ಯಾರು ನಿಲ್ಲಿಸಿದರು, ಬೀಳುವುದಿಲ್ಲವೇ ಎಂದೆಲ್ಲ ಕೇಳುವಂತಿಲ್ಲ. ಪ್ಲಾನು, ಎಲಿವೇಶನ್ನು ಬರೆದು ಅಂಕ ತೆಗೆದುಕೊಳ್ಳಬೇಕು. ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರು ಮೊದಲ ವರ್ಷ ಇಂಥ ಪಿರಮಿಡ್ಡುಗಳನ್ನು ಬೀಳದಂತೆ ಹಿಡಿದುಕೊಂಡೇ ಪಾಸಾದವರು. ಈಗ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಮಿನಿ ಡ್ರಾಫ್ಟರ್ ಅಟ್ಟ ಸೇರಿದೆ, ಪಿರಮಿಡ್ಡು ಮಾತ್ರ ಇನ್ನೂ ಒಂಟಿಕಾಲಲ್ಲೇ ಇದೆ.

ಈ ಸರ್ಕಸ್ಸಿನ ಹಿಂದೆ ಒಳ್ಳೆಯ ಪಾಠವೊಂದಿದೆ. ಓರೆಯಾಗಿರುವುದರ ನಿಜವಾದ ಉದ್ದವಾಗಲಿ ಕೋನವಾಗಲಿ ನಿಂತಲ್ಲಿಂದ ಕಾಣುವುದಿಲ್ಲ, ಅದಕ್ಕೆ ನೇರ ಎದುರು ಹೋಗಿ ನೋಡಬೇಕು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಗ್ಯಾಸ್ಪರ್ ಮೋಂಜ್ ಕೋಟೆ ಕಟ್ಟುವ ಲೆಕ್ಕಾಚಾರಕ್ಕೆಂದು ಈ ವಿದ್ಯೆಯನ್ನು ಕ್ರಮಕ್ಕೆ ತಂದ. ಅಲ್ಲಿನ ಸೇನೆ ಅದನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿತ್ತು. ನಾವು ಉದಾರಿಗಳು, ಎಲ್ಲ ಕಾಲೇಜುಗಳಲ್ಲೂ ಕಲಿಸುತ್ತೇವೆ. ಆದರೂ ಗುಟ್ಟು ಗುಟ್ಟಾಗಿಯೇ ಉಳಿದಿದೆ.

ನಂಬಿಕೆಯಿಲ್ಲದವರು ಭೋಪಾಲದ ಐಶ್‌ಬಾಗ್ ರೈಲ್ವೆ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಸುಮಾರು 18 ಕೋಟಿ ರೂಪಾಯಿಯ ಸೇತುವೆ. 2025ರ ಜೂನ್‌ನಲ್ಲಿ ಅದರ ಫೋಟೊ ದೇಶದ ಮೊಬೈಲುಗಳಲ್ಲೆಲ್ಲ ಓಡಾಡಿತು. ಮೇಲೇರಿದ ರಸ್ತೆ ಮೂಲೆಮಟ್ಟ ಇಟ್ಟು ಗೆರೆ ಎಳೆದಂತೆ ತಟ್ಟನೆ ಪಕ್ಕಕ್ಕೆ ತಿರುಗಿತ್ತು. ‘90 ಡಿಗ್ರಿ ಸೇತುವೆ’ ಎಂದು ನಾಮಕರಣವಾಯಿತು. ಏಳು ಮಂದಿ ಎಂಜಿನಿಯರುಗಳು ಅಮಾನತಾದರು, ಕಟ್ಟಿದವರು ಕಪ್ಪುಪಟ್ಟಿ ಸೇರಿದರು. ಕಟ್ಟಿದವರು ಹೈಕೋರ್ಟಿಗೆ ಹೋಗಿ, ಸರ್ಕಾರದ ಕಡೆಯಿಂದ ಬಂದ ಡ್ರಾಯಿಂಗ್‌ನಂತೆಯೇ ಕಟ್ಟಿದ್ದೇವೆ ಸ್ವಾಮಿ ಎಂದರು. ಆಗ ಅಳತೆ ನಡೆಯಿತು. ಅದೇ ಊರಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರು ಕಂಡ ಕೋನ 118ರಿಂದ 119 ಡಿಗ್ರಿ!

ಅಂದರೆ ಇಡೀ ದೇಶ ಓರೆಯಿಂದ ತೆಗೆದ ಫೋಟೊ ನೋಡಿಕೊಂಡು ಕೋನ ಅಳೆದಿತ್ತು. ಒಂಟಿಕಾಲಿನ ಪಿರಮಿಡ್ಡು ಬರೆದು ಪಾಸಾದ ಲಕ್ಷಾಂತರ ಮಂದಿಯೂ ಅದರಲ್ಲಿದ್ದರು. ಅವರೂ ಫಾರ್ವರ್ಡ್ ಮಾಡಿದರು.

ಹಾಗಂತ 118 ಎಂದು ಕೇಳಿ ಸಿಹಿ ಹಂಚಬೇಕಾಗಿಲ್ಲ. ನೇರ ರಸ್ತೆ ಎಂದರೆ 180. ಕಳೆಯಿರಿ. ಏರು ಹತ್ತಿ ಬಂದ ಬಸ್ಸು ಒಂದೇ ಏಟಿಗೆ 62 ಡಿಗ್ರಿ ತಿರುಗಬೇಕು. ಎಡವಟ್ಟು ತೊಂಬತ್ತರದ್ದಲ್ಲ, ಅರವತ್ತೆರಡರದ್ದು ಎಂಬುದಷ್ಟೇ ಅಳತೆಯಿಂದ ಸಾಬೀತಾದದ್ದು.

ಇನ್ನು ಆ ಡ್ರಾಯಿಂಗ್. ಯಾವ ಡ್ರಾಯಿಂಗ್ ಹಾಳೆಯಲ್ಲೂ ಕೆಳಗೆ ಬಲಮೂಲೆಯಲ್ಲಿ ಟೈಟಲ್ ಬ್ಲಾಕ್ ಇರುತ್ತದೆ. ಕಾಲೇಜಿನಲ್ಲಿ ಹೇಳಿಕೊಡುವ ಅಳತೆ 185 ಮಿ.ಮೀ.ಗೆ 65 ಮಿ.ಮೀ. ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರು ಸಹಿ ಹಾಕುವ ಜಾಗ. ಒಂದು ಚದರ ಮೀಟರಿನ ಎ0 ಹಾಳೆಯಲ್ಲಿ ಇದು ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ನಮ್ಮ ಕಚೇರಿಗಳಲ್ಲಿ ಶ್ರದ್ಧೆಯಿಂದ ಓದುವುದು ಈ ಒಂದು ಪಾಲನ್ನೇ. ಮೇಲಿನವರು ಕೆಳಗಿನವರ ಸಹಿ ನೋಡಿ ಸಹಿ ಹಾಕುತ್ತಾರೆ. ಕೆಳಗಿನವರು, ಹೇಗೂ ಮೇಲಿನವರು ನೋಡುತ್ತಾರಲ್ಲ ಎಂದು ಮೊದಲೇ ಹಾಕಿರುತ್ತಾರೆ. ಉಳಿದ ತೊಂಬತ್ತೊಂಬತ್ತು ಪಾಲನ್ನು ಬಿಸಿಲಲ್ಲಿ ಬಿಡಿಸಿಟ್ಟು ನೋಡುವವನು ಸೆಂಟ್ರಿಂಗ್ ಮೇಸ್ತ್ರಿ. ‘ಸಾರ್, ಇಲ್ಲಿ ಗಾಡಿ ತಿರುಗಲ್ಲ’ ಎಂದು ಅವನು ತಲೆ ಕೆರೆದುಕೊಂಡರೆ, ‘ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಹೊಡಿಯಪ್ಪಾ, ನಿನಗ್ಯಾಕೆ?’ ಎನ್ನುತ್ತಾರೆ. ನಿಜ, ಅವನಿಗ್ಯಾಕೆ? ಟೈಟಲ್ ಬ್ಲಾಕಿನಲ್ಲಿ ಅವನ ಸಹಿಗೆ ಜಾಗವೇ ಇಲ್ಲ.

ಭೋಪಾಲದವರು ಡ್ರಾಯಿಂಗ್‌ನಂತೆ ಕಟ್ಟಿ ಸಿಕ್ಕಿಬಿದ್ದರು ಎಂದಾದರೆ, ಬೆಂಗಳೂರಿಗೆ ಆ ಅಪಾಯವಿಲ್ಲ. ಇಲ್ಲಿ ಡ್ರಾಯಿಂಗ್ ಎರಡು. ಸ್ಯಾಂಕ್ಷನ್ ಡ್ರಾಯಿಂಗ್ ಪಾಲಿಕೆಗೆ ಮತ್ತು ಬ್ಯಾಂಕಿಗೆ, ವರ್ಕಿಂಗ್ ಡ್ರಾಯಿಂಗ್ ಮೇಸ್ತ್ರಿಗೆ. ಮೊದಲನೆಯದರಲ್ಲಿ ಎರಡು ಮಹಡಿ, ಸುತ್ತಲೂ ಸೆಟ್‌ಬ್ಯಾಕು, ಗಾಳಿ, ಬೆಳಕು. ಎರಡನೆಯದರಲ್ಲಿ ಐದು ಮಹಡಿ. ಕಿಟಕಿ ತೆರೆದರೆ ಪಕ್ಕದ ಮನೆಯವರ ಕಿಟಕಿಗೆ ಬಡಿಯುತ್ತದೆ.

ಮೆಷಿನ್ ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ ಎಂದು ಬರೆಯುತ್ತಾರೆ, ಅಳತೆ ಎಷ್ಟು ತಪ್ಪಿದರೆ ನಡೆದೀತು ಎಂಬ ಲೆಕ್ಕ. ಪೀಣ್ಯದ ಶೆಡ್ಡಿನಲ್ಲಿ ಬೇರಿಂಗ್ ಕೂರುವ ಶಾಫ್ಟು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ದಪ್ಪಗಾದರೂ ಪೀಸು ರಿಜೆಕ್ಟ್, ಲೇತ್ ಆಪರೇಟರಿಗೆ ಬೈಗುಳ. ಕಟ್ಟಡಗಳ ವಿಷಯದಲ್ಲಿ ರಾಜ್ಯ ಸರ್ಕಾರದ ಮನಸ್ಸು ದೊಡ್ಡದು. ಅಕ್ರಮ-ಸಕ್ರಮ ಯೋಜನೆಯಲ್ಲಿ ವಾಸದ ಮನೆಗಳಿಗೆ ಶೇ 50ರವರೆಗೆ, ವಾಣಿಜ್ಯ ಕಟ್ಟಡಗಳಿಗೆ ಶೇ 25ರವರೆಗೆ ತಪ್ಪು ಮಾಫಿ, ದಂಡ ಕಟ್ಟಿದರಾಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ತಡೆ ಬಿದ್ದದ್ದು ಯೋಜನೆಗೆ, ಮೂರನೇ ಮಹಡಿಯ ಮೇಲಿನ ಮೋಲ್ಡಿಂಗಿಗಲ್ಲ.

ಮನೆ ಕಟ್ಟಿಸಲು ಹೊರಟವರು ಈ ಸಾಲು ಓದುತ್ತಿದ್ದರೆ ಒಂದು ಬಿನ್ನಹ. ಬ್ಯಾಂಕಿಗೆ ಕೊಟ್ಟ ಡ್ರಾಯಿಂಗ್‌ನ ಇನ್ನೊಂದು ಪ್ರತಿ ತೆಗೆಸಿ, ಮೇಸ್ತ್ರಿಯ ಕೈಗೂ ಅದನ್ನೇ ಕೊಡಿ.