ಬರ್ತೀನಿ

ನಮ್ಮ ಮನೆಯಲ್ಲಿ ಒಂದು ವಹಿ ಇದೆ. ನೂರು ಪುಟದ್ದು, ಹಳದಿ ರಟ್ಟಿನದು, ಒಂದು ಮೂಲೆ ಚಹಾ ಕುಡಿದು ಉಬ್ಬಿದೆ. ರಟ್ಟಿನ ಮೇಲೆ ಏಳು ವರ್ಷದ ಮಗಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಅವ್ವನ ಬಾಕಿ’ ಎಂದು ಬರೆದಿದ್ದಾಳೆ. ಒಳಗೆ ನಾಲ್ಕು ಕಾಲಂ: ತಾರೀಖು, ಎಲ್ಲಿಗೆ, ಯಾಕೆ ಹೋಗಲಿಲ್ಲ, ಷರಾ. ಈ ‘ಷರಾ’ ಎಂಬ ಶಬ್ದವನ್ನು ಅವಳ ಬಾಯಿಗೆ ಹಾಕಿದವಳು ನಾನೇ. ಒಂದು ರಾತ್ರಿ ವರದಿ ಬರೆಯುತ್ತ ಕೂತಿದ್ದಾಗ ಬಂದು, “ಇದರಾಗ ಏನ್ ಬರೀತಾರ?” ಅಂದಳು. “ತಪ್ಪು ಕಂಡಿದ್ದು ಬರೀತಾರ” ಅಂದೆ. ಮರುದಿನವೇ ವಹಿ ಶುರುವಾಯಿತು.

ನನ್ನ ಕೆಲಸ ಬ್ಯಾಂಕಿನ ತಪಾಸಣೆ. ಮನೆ ಧಾರವಾಡದಲ್ಲಿ; ಕೆಲಸ ಇಂಥದ್ದೇ ಊರಿನಲ್ಲಿ ಅಂತಿಲ್ಲ. ಈ ವಾರ ರೋಣ, ಮುಂದಿನ ವಾರ ಹಳಿಯಾಳ, ಅದರಾಚೆ ನರಗುಂದವೋ ಬಾದಾಮಿಯೋ. ಬ್ಯಾಂಕಿನ ಒಳಕೋಣೆಯಲ್ಲಿ ಕೂತು ಅಡವಿನ ಬಂಗಾರದ ಚೀಲ ಒಂದೊಂದಾಗಿ ಬಿಚ್ಚಿಸುವುದು, ತೂಗಿಸುವುದು, ಪತ್ತಾರ ಒರೆಗಲ್ಲಿಗೆ ಹಚ್ಚಿ ನೋಡುವಾಗ ಅವನ ಮುಖವನ್ನೇ ನೋಡುತ್ತ ಕೂಡುವುದು. ಬಿತ್ತಿಗೆಯ ಹೊತ್ತಿಗೆ ಒಳಗೆ ಬಂದ ಬೋರಮಳ, ಝುಮಕಿ, ಗುಂಡಿನ ಸರ ಸುಗ್ಗಿಯ ಹೊತ್ತಿಗೆ ಹೊರಗೆ ಹೋಗಬೇಕು. ಹೋಗದಿದ್ದರೆ ಆ ಊರಿನ ಕಡೆ ಮಳೆ ಹೇಗಿತ್ತು ಅಂತ ಬೇರೆ ಯಾರನ್ನೂ ಕೇಳುವ ಅಗತ್ಯವಿಲ್ಲ. ಮೂರು ದಿನ ಮಂದಿಯ ಬಂಗಾರವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಎಣಿಸಿ ಮನೆಗೆ ಬಂದರೆ, ಇಬ್ಬರು ಮಕ್ಕಳ ಎಂಟು ಕಾಲುಚೀಲಗಳಲ್ಲಿ ನಾಲ್ಕು ಮಾತ್ರ ಸಿಗುತ್ತವೆ. ನಾಲ್ಕರಲ್ಲಿ ಯಾವುದಕ್ಕೂ ಜೋಡಿ ಇರುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಕೇಳಿ ಯಾರಿಗೆ ಮೆಮೊ ಕೊಡಲಿ?

ಮಗಳದು ಬಾಕಿಯ ತಕರಾರಾದರೆ ಮೂರು ವರ್ಷದ ಮಗನದು ಭಾಷೆಯ ತಕರಾರು.

ನಮ್ಮ ಕಡೆ ಮನೆ ಬಿಡುವವರು ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ‘ಬರ್ತೀನಿ’ ಅನ್ನಬೇಕು, ಬಹಳವಾದರೆ ‘ಹೋಗಿ ಬರ್ತೀನಿ’. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಟ್ಟಿತು. ಕೇಳದೆ ಇರಲಾರದವರು ‘ದೂರ ಹೊಂಟ್ರೇನು?’ ಎಂದು ಬಳಸಿಕೊಂಡು ಕೇಳುತ್ತಾರೆ. ಬಳೆ ಒಡೆದರೆ ‘ಹೆಚ್ಚಿತು’ ಅನ್ನುವ, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಅನ್ನುವ ಮಂದಿ ನಾವು. ಅತ್ತೆಯವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ಬೆಳಗಿನ ಐದೂವರೆಗೆ ಅವಸರದಲ್ಲಿ ‘ಹೋಗ್ತೀನ್ರಿ’ ಅಂದುಬಿಟ್ಟೆ. ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ, ಇನ್ನೊಮ್ಮೆ ಸರಿಯಾಗಿ ಹೊರಡಿಸಿದರು. ಬಸ್ಸು ಮಾತ್ರ ಯಾವ ಶಾಸ್ತ್ರವನ್ನೂ ಮಾಡದೆ ಹೋಗಿಬಿಟ್ಟಿತ್ತು.

ಆದರೆ ಮೂರು ವರ್ಷದವನ ವ್ಯಾಕರಣವೇ ಬೇರೆ. ಅವ್ವ ‘ಬರ್ತೀನಿ’ ಅಂದಾಗಲೆಲ್ಲ ಅವ್ವ ಕಾಣೆಯಾಗುತ್ತಾಳೆ. ಇದು ಅವನ ಅನುಭವಕ್ಕೆ ಬಂದ ಸತ್ಯ. ಆದ್ದರಿಂದ ಬರುವುದು ಎಂದರೆ ಹೋಗುವುದು. ನಾನು ಸ್ನಾನದ ಮನೆಗೆ ಹೊರಟು ‘ಬರ್ತೀನಿ ತಡಿ’ ಅಂದರೆ ಸಾಕು, ಓಡಿ ಹೋಗಿ ನನ್ನ ಪ್ರವಾಸದ ಚೀಲದ ಮೇಲೆ ಕೂತುಬಿಡುತ್ತಾನೆ. ರೋಣದ ಲಾಡ್ಜಿನಿಂದ ವಿಡಿಯೊ ಕರೆ ಮಾಡಿ “ನಾಳೆ ಬರ್ತೀನಿ ಪುಟ್ಟಾ” ಅಂದಾಗ, “ಬ್ಯಾಡ, ಬರಬ್ಯಾಡ, ಇಲ್ಲೇ ಇರು” ಎಂದು ಫೋನಿಗೆ ಜೋತುಬಿದ್ದು ಅತ್ತ. ಫೋನಿನಲ್ಲಿರುವ ಅವ್ವ ಇಲ್ಲೇ ಇದ್ದಾಳೆ, ಬರ್ತೀನಿ ಅಂದಮೇಲೆ ಪರದೆ ಕಪ್ಪಾಗುತ್ತದೆ. ಅವನ ತರ್ಕದಲ್ಲಿ ನನಗೆ ಇವತ್ತಿನವರೆಗೂ ತಪ್ಪು ಸಿಕ್ಕಿಲ್ಲ.

ಗಂಡ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಉಣಿಸುವುದು, ಮಲಗಿಸುವುದು ಎಲ್ಲ ಬರುತ್ತದೆ. ಎರಡು ಜಡೆ ಹೆಣೆಯುವುದನ್ನೂ ಕಲಿತಿದ್ದಾರೆ. ಎಡಗಡೆಯದು ಮಾತ್ರ ಯಾವಾಗಲೂ ಸ್ವಲ್ಪ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿರುತ್ತದೆ. ಓಣಿಯ ಹೆಂಗಸರಿಗೆಲ್ಲ ಅವರು ದೇವರಂಥ ಮನುಷ್ಯ. “ಪಾಪ, ಹುಡುಗರನ್ನ ತಾವ ನೋಡಿಕೋತಾರ” ಎಂದು ನನ್ನೆದುರಿಗೇ ಅನ್ನುತ್ತಾರೆ. ಅವರು ಪತ್ರಿಕೆ ತಿದ್ದುವ ಕೆಲಸಕ್ಕೆ ಎಂಟು ದಿನ ಹೋದಾಗ ನನ್ನನ್ನು ಯಾರೂ ಪಾಪ ಅನ್ನಲಿಲ್ಲ. ಅಂದಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಇಂಥ ಹೊತ್ತಿಗೆ ನನಗೆ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. ಸಂಗೀತ ನನಗೆ ಗೊತ್ತಿಲ್ಲ; ನಾನು ಯೋಚಿಸುವುದು ರೈಲಿನ ಬಗ್ಗೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಆ ತಾಯಿ, ಸವಾಯಿ ಗಂಧರ್ವರ ಹತ್ತಿರ ಕಲಿಯಲು ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮೂರು ಮಕ್ಕಳು ಮನೆಯಲ್ಲಿ. ಆಮೇಲೆ ಕಛೇರಿಗೆಂದು ದೇಶವೆಲ್ಲ ತಿರುಗಿದರು. ಬೆನ್ನಿಗೆ ಸೋದರಮಾವ ರಾಮಣ್ಣ ಇದ್ದರಂತೆ. ಆ ಮಾವನ ಹೆಸರು ಓದಿದಾಗಲೆಲ್ಲ ನಾನು ನಮ್ಮ ಅತ್ತೆಯ ಕಡೆ ಒಮ್ಮೆ ನೋಡುತ್ತೇನೆ. ಮುಂದೆ ಮಗಳು ಕೃಷ್ಣಾ ತಾಯಿಯ ಬೆನ್ನ ಹಿಂದೆ ಕೂತು, ತಂಬೂರಿ ಹಿಡಿದು, ದನಿಗೂಡಿಸಿದರು. ಮಕ್ಕಳನ್ನು ಬಿಟ್ಟು ಹೋಗಬೇಕಾದ ಕೆಲಸಕ್ಕೆ ಮಕ್ಕಳನ್ನೇ ಕರೆದುಕೊಂಡು ಹೋಗುವುದು! ಎಂಥ ಉಪಾಯ. ನನ್ನ ಮಗಳನ್ನು ಬೆನ್ನ ಹಿಂದೆ ಕೂಡಿಸಿಕೊಂಡರೆ ಆಕೆ ಚೀಲ ಎಣಿಸುವುದು ನನಗಿಂತ ಚೊಕ್ಕ. ಆದರೆ ಬ್ಯಾಂಕಿನ ನಿಯಮದಲ್ಲಿ ತಂಬೂರಿಗೆ ಜಾಗವಿಲ್ಲ.

ನನ್ನ ಅಜ್ಜನಿಗೆ ಈ ಪೇಚಾಟವೇ ಇರಲಿಲ್ಲ. ಅಣ್ಣಿಗೇರಿ ಕಡೆಯ ಕರಿಮಣ್ಣಿನ ಹೊಲ. ಕೆಲಸವೂ ಅಲ್ಲೇ, ಟ್ರಿಪ್ಪೂ ಅಲ್ಲೇ. ಎಳ್ಳ ಅಮಾವಾಸ್ಯೆ ಬಂತೆಂದರೆ ಚಕ್ಕಡಿ ಹೂಡಿ, ಮನೆಮಂದಿ, ಪಕ್ಕದ ಮನೆಮಂದಿ, ಯಾರದೋ ಬೀಗರು, ಎಲ್ಲರನ್ನೂ ತುಂಬಿಕೊಂಡು ಹೊಲಕ್ಕೆ ನಡೆಯುತ್ತಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತುಂಬಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹೋಳಿಗಿ, ಕಡಬು. ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು, ಆಮೇಲೆ ಬನ್ನಿಗಿಡದ ಬುಡದಲ್ಲಿ ಊಟ, ಊಟವಾದ ಮೇಲೆ ಹುಡುಗರು ಕಡಲೆಗಿಡ ಕಿತ್ತು ಸುಲಗಾಯಿ ತಿನ್ನುವುದು. ಅಜ್ಜ ದಿನಾ ಬೆವರು ಸುರಿಸುವ ಜಾಗದಲ್ಲೇ ಕಾಲುಚಾಚಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಈ ಪದ್ಧತಿಯನ್ನು ನಾನು ಮುಂದುವರಿಸುವುದಾದರೆ ಇಬ್ಬರು ಮಕ್ಕಳನ್ನೂ ಅತ್ತೆಯವರನ್ನೂ ಬುತ್ತಿಗಂಟಿನ ಸಮೇತ ನರಗುಂದದ ಶಾಖೆಗೆ ಕರೆದೊಯ್ದು ತಿಜೋರಿಯ ಸುತ್ತ ಚರಗ ಚೆಲ್ಲಿಸಬೇಕು. ಮ್ಯಾನೇಜರು ಒಪ್ಪಬಹುದು, ತಪಾಸಣೆಗೆ ಬಂದವರು ಹೇಳಿದ್ದಕ್ಕೆಲ್ಲ ಅವರು ಒಪ್ಪುತ್ತಾರೆ.

ಬುತ್ತಿ ಅಂದೆನಲ್ಲ. ಅತ್ತೆಯ ಪ್ರಕಾರ ಬುತ್ತಿ ಇಲ್ಲದ್ದು ಟ್ರಿಪ್ಪಲ್ಲ, ಅದು ಬರೀ ಓಡಾಟ. ಕೆಲಗೇರಿ ಕೆರೆಗೆ ಹೋಗಿ ಒಂದು ತಾಸಿನಲ್ಲಿ ವಾಪಸು ಬರುವುದಿದ್ದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದಪಾಟಿ, ಮೊಸರನ್ನ. ಬೆಳಗ್ಗೆ ಎಂಟಕ್ಕೆ ಹೊರಡುವುದೆಂದು ನಿರ್ಧಾರವಾಗಿರುತ್ತದೆ. ಎಂಟಕ್ಕೆ ದಪಾಟಿಯ ಹಿಟ್ಟು ನಾದುತ್ತಿರುತ್ತಾರೆ. ಒಂಬತ್ತಕ್ಕೆ ಮಗನಿಗೆ ಬೂಟು ಹಾಕಿದರೆ ಮಗಳ ಬೂಟು ಕಾಣೆಯಾಗುತ್ತದೆ. ಅದು ಸಿಗುವ ಹೊತ್ತಿಗೆ ಮಗ ಬೂಟು ಬಿಚ್ಚಿ ಅದರಲ್ಲಿ ನೀರು ಹಾಕಿರುತ್ತಾನೆ. ಹತ್ತೂವರೆಗೆ ಎಲ್ಲರೂ ಬಾಗಿಲಲ್ಲಿ ನಿಂತಾಗ ಗಂಡ, “ಇನ್ನ ಬಿಸಿಲು ಭಾಳ ಆತು, ಸಂಜಿಕೆ ಹೋಗೋಣೇನು?” ಅನ್ನುತ್ತಾರೆ. ಬುತ್ತಿಯನ್ನು ಮನೆಯ ಕಟ್ಟೆಯ ಮೇಲೇ ಬಿಚ್ಚಿ ತಿಂದ ದಿನಗಳು ವಹಿಯಲ್ಲಿ ಮೂರು ಇವೆ. ಮಗಳು ‘ಯಾಕೆ ಹೋಗಲಿಲ್ಲ’ ಕಾಲಂನಲ್ಲಿ ‘ದಪಾಟಿ’ ಎಂದು ಬರೆದಿದ್ದಾಳೆ.

ವಹಿಯ ಅತಿ ದೊಡ್ಡ ಬಾಕಿ ದಾಂಡೇಲಿ. ಹಳಿಯಾಳದ ತಪಾಸಣೆಗೆ ಹೋದಾಗಲೆಲ್ಲ ದಾಂಡೇಲಿಯ ಬೋರ್ಡು ನೋಡಿ ವಾಪಸು ಬರುವವಳು ನಾನು. ಕಳೆದ ಡಿಸೆಂಬರಿನಲ್ಲಿ ಕೊನೆಗೂ ಕಾರು ಮಾಡಿಕೊಂಡು ಹೊರಟೆವು. ಹಳಿಯಾಳ ದಾಟುವ ಮೊದಲೇ ಮಗ ಮೂರು ಸಲ ಕಾರಿಕೊಂಡ. ಮೂರನೆಯದು ಬುತ್ತಿಯ ಗಂಟಿನ ಮೇಲೆ. ಅಲ್ಲಿಂದಲೇ ಕಾರು ತಿರುಗಿಸಿದೆವು. ಷರಾ: ‘ಅರ್ಧ ಹೋದರೆ ಲೆಕ್ಕಕ್ಕಿಲ್ಲ.’ ಇದೂ ನನ್ನದೇ ಮಾತು. ಅರ್ಧ ತುಂಬಿದ ಸಾಲ ಮುಗಿದ ಸಾಲವಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಾಳೆ.

ಬಾದಾಮಿಯ ಬಾಕಿ ಇನ್ನೂ ನಾಚಿಕೆಗೇಡಿನದು. ಆ ಊರಿಗೆ ನಾನು ಆರು ಸಲ ಹೋಗಿದ್ದೇನೆ. ಒಂದು ದಿನ ಅವಳು ಪುಸ್ತಕದಲ್ಲಿ ಗುಹೆಯ ಚಿತ್ರ ತೋರಿಸಿ, “ಇದು ಹ್ಯಾಂಗದ?” ಅಂದಳು. 578ರಲ್ಲಿ ಚಾಲುಕ್ಯರು ಕೊರೆಸಿದ ಮೂರನೆಯ ಗುಹೆ. “ಹತ್ತಿಲ್ಲ ಅವ್ವಿ” ಅಂದೆ. “ಆರು ಸಲ ಹೋಗಿ ಬರೇ ಬ್ಯಾಂಕ್ ನೋಡಿ ಬಂದೀಯೇನು?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಗ್ಗೆ ಕನಿಕರವಿತ್ತು. ಒಂದೂವರೆ ಸಾವಿರ ವರ್ಷ ಕಾದ ವಿಷ್ಣು ಏಳನೆಯ ಸಲದವರೆಗೂ ಕಾಯುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಅವಳಿಗೆ ಹಾಗೆ ಹೇಳುವ ಧೈರ್ಯವಾಗಲಿಲ್ಲ.

ಹೋದ ತಿಂಗಳ ಒಂದು ಭಾನುವಾರ ಮಾತ್ರ ಯಾವ ಯೋಜನೆಯೂ ಇರಲಿಲ್ಲ. ಅತ್ತೆ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗಿದ್ದರು, ಗಂಡನಿಗೆ ನೆಗಡಿ. “ನಡೀರಿ, ಚಿಗರಿ ಹತ್ತೋಣ” ಅಂದೆ. 2018ರಲ್ಲಿ ಓಡಲು ಶುರುಮಾಡಿದ ಈ ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟವರಿಗೆ ನಾನು ಋಣಿ. ಹೆಸರಿಗಾಗಿಯೇ ಮಗ ಅದನ್ನು ಪ್ರಾಣಿ ಎಂದು ತಿಳಿದಿದ್ದಾನೆ. ಬಾಗಿಲು ತೆರೆದಾಗ “ಆ ಮಾಡ್ತು” ಅನ್ನುತ್ತಾನೆ. ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಓಡುವುದರಿಂದ ಹೊಟ್ಟೆ ತೊಳಸುವುದಿಲ್ಲ, ಇದು ನನ್ನ ಕಡೆಯ ಕಾರಣ. ಜ್ಯುಬಿಲಿ ಸರ್ಕಲ್ಲಿನಲ್ಲಿ ಹತ್ತಿ ಕಿಟಕಿ ಹಿಡಿದೆವು. ಸತ್ತೂರು, ನವಲೂರು. ನವಲೂರು ಬಂದ ಕೂಡಲೇ ಹಿಂದಿನ ಸೀಟಿನ ಅಜ್ಜಿ, ಈ ಊರಿನ ಪೇರಲಹಣ್ಣಿನ ರುಚಿ ಮತ್ತೆಲ್ಲೂ ಇಲ್ಲ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಎರಡು ಹಣ್ಣು ತೆಗೆದು ಮಕ್ಕಳಿಗೆ ಕೊಟ್ಟರು. ಬುತ್ತಿಯ ಕೊರತೆಯೂ ನೀಗಿತು. ಉಣಕಲ್ ಕೆರೆಯ ನಡುವೆ ನಿಂತ ವಿವೇಕಾನಂದರಿಗೆ ಮಗ ಕೈ ಬೀಸಿದ. ಅವರು ಕೈ ಕಟ್ಟಿಕೊಂಡೇ ಇದ್ದದ್ದಕ್ಕೆ ಸ್ವಲ್ಪ ಬೇಜಾರಾದ.

ಕೊನೆಯ ನಿಲ್ದಾಣ ಹುಬ್ಬಳ್ಳಿಯ ರೈಲು ನಿಲ್ದಾಣ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟು ತೆಗೆಸಿ, ಎಂಟನೆಯ ಪ್ಲಾಟ್‌ಫಾರ್ಮಿಗೆ ಇಳಿದೆವು. 1507 ಮೀಟರ್. ಗೋರಖಪುರದ 1366 ಮೀಟರನ್ನು ಹಿಂದೆ ಹಾಕಿ, 2023ರ ಮಾರ್ಚಿನಲ್ಲಿ ಜಗತ್ತಿನ ಅತಿ ಉದ್ದದ್ದೆಂದು ಹೆಸರಾದದ್ದು. ಅಂಕಿ ಹೇಳಿದಾಗ ಮಗಳ ಕಣ್ಣು ಅರಳಿತು. ಅವಳಿಗೆ ಅಂಕಿ ಎಂದರೆ ಬಂಗಾರ. ಈ ತುದಿಯಿಂದ ಆ ತುದಿಗೆ ನಡೆಯುವುದೆಂದು ಗೊತ್ತುಪಡಿಸಿದಳು. ನಾನು ಇದೇ ನಿಲ್ದಾಣದಲ್ಲಿ ವರ್ಷಕ್ಕೆ ಎಷ್ಟು ಸಲ ಚೀಲ ಎಳೆಯುತ್ತ ಓಡಿದ್ದೇನೋ; ನಡೆದದ್ದು ಅವತ್ತೇ ಮೊದಲು. ದೊಡ್ಡವರು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ದಾರಿ. ನಾವು ಒಂದು ತಾಸಿನ ಮೇಲೆ ತೆಗೆದುಕೊಂಡೆವು. ನಡುವೆ ಇರುವೆಗಳ ಸಾಲು ಇತ್ತು, ಹಮಾಲರ ಗಾಡಿ ಇತ್ತು, ಮಲಗಿದ ನಾಯಿ ಇತ್ತು, ಅದು ಏಳುವವರೆಗೆ ಕಾಯಬೇಕಿತ್ತು. ಒಂದು ಹಂತದಲ್ಲಿ ಮಂದಿ ಮುಗಿದರು, ಬೆಂಚು ಮುಗಿದವು, ಚಹಾದ ದನಿ ಮುಗಿಯಿತು. ಪ್ಲಾಟ್‌ಫಾರ್ಮು ಮಾತ್ರ ಮುಗಿಯಲಿಲ್ಲ. ಟಿಕೆಟಿನ ಎರಡು ತಾಸಿನ ಅವಧಿ ನೆನಪಾಗಿ ಗಡಿಯಾರ ನೋಡಿಕೊಂಡೆ. ತಪಾಸಣೆಯವಳನ್ನೇ ಹಿಡಿದರೆ ಹೇಗೆ?

ತುದಿ ಮುಟ್ಟುವ ಹೊತ್ತಿಗೆ ಒಂದು ರೈಲು ಮೆಲ್ಲಗೆ ಹೊರಟಿತು. ಕೊನೆಯ ಡಬ್ಬಿಯ ಗಾರ್ಡು ಹಸಿರು ಬಾವುಟ ಬೀಸುತ್ತಿದ್ದ. ಮಗ ನನ್ನ ಹೆಗಲ ಮೇಲಿನಿಂದ ಎರಡೂ ಕೈ ಎತ್ತಿ, ರೈಲಿನ ಪರವಾಗಿ, ದೊಡ್ಡ ದನಿಯಲ್ಲಿ ಕೂಗಿದ: “ಬರ್ತೀನೀ…” ಗಾರ್ಡು ನಕ್ಕು ಬಾವುಟವನ್ನು ಇನ್ನೊಂದು ಸಲ ಹೆಚ್ಚಿಗೆ ಬೀಸಿದ. ಮಗ ಅಳಲಿಲ್ಲ. ರೈಲು ಸಣ್ಣದಾಗುವವರೆಗೂ ನೋಡಿ, “ಹೋತು” ಅಂದ.

ರಾತ್ರಿ ಇಬ್ಬರೂ ಮಲಗಿದ ಮೇಲೆ ಮರುದಿನದ ಚೀಲ ತುಂಬುತ್ತಿದ್ದೆ. ಸೋಮವಾರ ಮುಂಡಗೋಡ. ಇವತ್ತಿನ ಲೆಕ್ಕದಲ್ಲಾದರೂ ಒಂದು ಬಾಕಿ ಹೊಡೆದುಹಾಕಿರಬಹುದೆಂಬ ಆಸೆಯಿಂದ ವಹಿ ತೆಗೆದು ನೋಡಿದೆ. ತಾರೀಖು ಸರಿಯಾಗಿತ್ತು. ‘ಎಲ್ಲಿಗೆ’ ಕಾಲಂನಲ್ಲಿ ‘ಉದ್ದನ್ನ ಪ್ಲಾಟ್‌ಫಾರ್ಮ್, 1507’ ಎಂದಿತ್ತು. ಷರಾದಲ್ಲಿ ಕೆಂಪು ಅಕ್ಷರ:

‘ರೈಲು ಹತ್ತಲಿಲ್ಲ. ಬಾಕಿ ಅದ.’