ಪಿಎಸ್ ಎಂಬ ಶಾನುಭೋಗ

ರಾತ್ರಿ ಎರಡೂಕಾಲಿಗೆ ಆನ್‌ಕಾಲ್ ಹುಡುಗನ ಫೋನು ದಿಂಬಿನಡಿ ಗುಂಯ್‌ಗುಟ್ಟಿತು. ಬೆಂಗಳೂರಿನ ಆತನ ಕಚೇರಿಯ ಯಾವುದೋ ಸರ್ವಿಸ್ ಹೊಸ ಪ್ರೊಸೆಸ್ ಹುಟ್ಟಿಸಲಾಗದೆ ಒದ್ದಾಡುತ್ತಿದೆಯಂತೆ. ಆತ ಕಣ್ಣುಜ್ಜಿಕೊಳ್ಳುತ್ತ ಲ್ಯಾಪ್‌ಟಾಪ್ ತೆರೆದ, ಲಿನಕ್ಸ್ ಸರ್ವರಿಗೆ ಲಾಗಿನ್ ಆದ, ಪಿಎಸ್ ಎಂದು ಎರಡಕ್ಷರ ಒತ್ತಿದ. ಬಂದದ್ದು ಮೂರೇ ಸಾಲು. ಒಂದು ತಲೆಬರಹ, ಇನ್ನೊಂದು ಆತ ಕೂತಿದ್ದ ಶೆಲ್, ಮೂರನೆಯದು ಪಿಎಸ್ಸೇ. ಮನೆಮಂದಿಯನ್ನು ಎಣಿಸಿ ಬಾ ಎಂದರೆ ತನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಬರುವ ಪ್ರಾಣಿ ಇದು.

ಪಿಎಸ್ ಹಳೇ ಕಾಲದ ಶಾನುಭೋಗರ ಜಾತಿಯದು. ಯಂತ್ರದೊಳಗೆ ಈಗ ಯಾರು ಯಾರು ಬದುಕಿದ್ದಾರೆ, ಯಾರ ಮಗ ಯಾರು, ಯಾರು ಎಷ್ಟು ಜಾಗ ಒತ್ತಿಕೊಂಡಿದ್ದಾರೆ ಎಂಬ ಕಡತವನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ. ಆ ಕಡತ ತೆರೆದು ಓದಿ ಹೇಳುವುದಷ್ಟೇ ಪಿಎಸ್ಸಿನ ಉದ್ಯೋಗ. 1973ರ ಯೂನಿಕ್ಸ್ ಕೈಪಿಡಿಯಲ್ಲೇ ಇದರ ಹೆಸರಿದೆ. ಆಗ ಅದು ಕಡತ ಓದುತ್ತಿದ್ದ ರೀತಿ ಮಾತ್ರ ಸಭ್ಯರದ್ದಲ್ಲ. ಕರ್ನಲ್ಲಿನ ಮೆಮೊರಿಗೇ ನೇರ ಕೈ ಹಾಕಿ, ಟೇಬಲ್ ಇಂಥ ವಿಳಾಸದಲ್ಲಿದೆ ಎಂದು ಹುಡುಕಿ, ಬೈಟು ಬೈಟಾಗಿ ಕಿತ್ತು ತರುತ್ತಿತ್ತು. ಓದುತ್ತಿರುವಾಗಲೇ ಅತ್ತ ಯಾರೋ ಹುಟ್ಟಿ, ಇತ್ತ ಯಾರೋ ಸತ್ತಿರುತ್ತಿದ್ದರು. ಹಾಗಾಗಿ ಏಳನೇ ಆವೃತ್ತಿಯ ಕೈಪಿಡಿಯಲ್ಲಿ, ದೋಷಗಳು ಎಂಬ ತಲೆಬರಹದಡಿ, ಇದು ಕೊಡುವ ಚಿತ್ರ ನಿಜಕ್ಕೆ ಹತ್ತಿರವೇ ಹೊರತು ನಿಜವಲ್ಲ ಎಂಬರ್ಥದ ತಪ್ಪೊಪ್ಪಿಗೆಯಿದೆ. ಯಾವ ಸರ್ಕಾರಿ ದಾಖಲೆಯೂ ಇಷ್ಟು ಪ್ರಾಮಾಣಿಕವಾಗಿದ್ದದ್ದು ಕಾಣೆ.

1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್, ಪ್ರೊಸೆಸ್ಸುಗಳನ್ನೂ ಫೈಲುಗಳಂತೆ ತೆರೆದು ಓದುವ ದಾರಿ ತೋರಿಸಿದರು. ಅದರ ವಂಶದ್ದೇ ಲಿನಕ್ಸಿನ ಪ್ರಾಕ್ ಎಂಬ ಡೈರೆಕ್ಟರಿ. ಅಲ್ಲಿ ಪ್ರತಿ ಪ್ರೊಸೆಸ್ಸಿಗೂ ಅದರ ನಂಬರಿನದೇ ಒಂದು ಕೋಣೆ. ಒಳಗಿನ ಸ್ಟೇಟಸ್ ಫೈಲಿನ ಅಳತೆ ಕೇಳಿದರೆ ಸೊನ್ನೆ ಬೈಟು ಎನ್ನುತ್ತದೆ, ತೆರೆದರೆ ಹತ್ತಾರು ಸಾಲು ಮಾತಾಡುತ್ತದೆ. ಕೇಳಿದ ಗಳಿಗೆಯಲ್ಲೇ ಕರ್ನಲ್ ಬರೆದುಕೊಡುವ ಉತ್ತರವದು. ಇಂದಿನ ಪಿಎಸ್ ಈ ಕೋಣೆಗಳ ಬಾಗಿಲು ಬಡಿದುಕೊಂಡು ಹೋಗುವ ಸಾಧು.

ಹುಡುಗ ಈ ಸಲ ಎ-ಯು-ಎಕ್ಸ್ ಸೇರಿಸಿ ಒತ್ತಿದ. ಸಾಲುಗಳು ಜೋಗದಂತೆ ಧುಮುಕಿದವು. ಸ್ಟ್ಯಾಟ್ ಎಂಬ ಕಾಲಮ್ಮಿನಲ್ಲಿ ಹೆಚ್ಚಿನವಕ್ಕೆ ಎಸ್, ಎಂದರೆ ನಿದ್ದೆ. ಹೊರಗೆ ಬೆಂಗಳೂರು ಮಲಗಿತ್ತು, ಒಳಗೆ ಸರ್ವರೂ ಮಲಗಿತ್ತು, ಎದ್ದಿದ್ದವನು ಈತನೊಬ್ಬನೇ. ನಡುನಡುವೆ ಒಂದೆರಡು ಡಿ. ಕುಂಭಕರ್ಣನನ್ನಾದರೂ ಆನೆ ತುಳಿಸಿ, ನಗಾರಿ ಬಾರಿಸಿ ಎಬ್ಬಿಸಿದರಂತೆ. ಡಿ ನಿದ್ದೆಯವನು ಡಿಸ್ಕಿನಿಂದ ಉತ್ತರ ಬರುವವರೆಗೆ ಮಿಸುಕುವುದಿಲ್ಲ. ಇನ್ನು ಝೆಡ್ ಇರುವ ಸಾಲುಗಳಂತೂ ನೂರುಗಟ್ಟಲೆ. ಪ್ರತಿಯೊಂದರ ಬಾಲದಲ್ಲೂ ಡಿಫಂಕ್ಟ್ ಎಂಬ ಪದ.

ಆತ ಒಂದಕ್ಕೆ ಕಿಲ್ ಮೈನಸ್ 9 ಹೊಡೆದ. ಅದು ಕದಲಲಿಲ್ಲ. ಮತ್ತೊಮ್ಮೆ ಹೊಡೆದ. ಬೇರೆ ದಾರಿ ಕಾಣದೆ ಸೀನಿಯರ್‌ಗೆ ಫೋನು ಮಾಡಿದ.

“ಮೇಡಂ, ಸಾರಿ, ಈ ಹೊತ್ತಲ್ಲಿ ಎಬ್ಬಿಸ್ತಿದೀನಿ. ಮೈನಸ್ 9 ಹೊಡೆದರೂ ಸಾಯ್ತಿಲ್ಲ.”

“ಮೈನಸ್ 9ಕ್ಕೂ ಸಾಯ್ತಿಲ್ಲ ಅಂದ್ರೆ ಆಗಲೇ ಸತ್ತಿರುತ್ತೆ ಕಣಪ್ಪಾ. ಝೆಡ್ ಇದೆಯಾ? ಝೋಂಬಿ. ಪೇರೆಂಟ್ ಯಾರು ನೋಡು.”

ಕಥೆ ಇಷ್ಟೆ. ಪ್ರೊಸೆಸ್ ಸತ್ತ ಕೂಡಲೇ ಅದರ ಮೆಮೊರಿ, ತೆರೆದ ಫೈಲು, ಎಲ್ಲವನ್ನೂ ಕರ್ನಲ್ ವಾಪಸು ಪಡೆಯುತ್ತದೆ. ಕಡತದಲ್ಲಿನ ಹೆಸರನ್ನು ಮಾತ್ರ ಹೊಡೆದುಹಾಕುವುದಿಲ್ಲ. ಹುಟ್ಟಿಸಿದ ಅಪ್ಪ ಬಂದು, ವೇಯ್ಟ್ ಎಂಬ ಕರೆ ಕೊಟ್ಟು, ಮಗ ಯಾವ ಅಂಕಿ ಹೇಳಿ ಪ್ರಾಣ ಬಿಟ್ಟ ಎಂದು ಓದಿಕೊಳ್ಳಬೇಕು. ಸೊನ್ನೆಯಾದರೆ ಸುಖಮರಣ, ಬೇರೇನಾದರೂ ಆದರೆ ಏನೋ ಎಡವಟ್ಟು. ಅಪ್ಪ ಬರುವವರೆಗೂ ಸತ್ತವನ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ ಉಳಿದಿರುತ್ತದೆ. ಅಕ್ಕಿ ಎತ್ತುವುದಿಲ್ಲ, ಆದರೆ ಮಿತಿಯ ಲೆಕ್ಕದಲ್ಲಿ ಒಂದು ತಲೆ. ಆ ಸರ್ವಿಸ್ಸಿನ ಖಾತೆಗೆ ಇಷ್ಟೇ ಪ್ರೊಸೆಸ್ ಎಂದಿದ್ದ ಮಿತಿಯನ್ನು ಹೆಣಗಳೇ ತುಂಬಿಬಿಟ್ಟಿದ್ದವು.

ಅಪ್ಪನ ನಂಬರು ಎ-ಯು-ಎಕ್ಸ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಮೈನಸ್ ಇ-ಎಫ್ ಅನ್ನಬೇಕು. ಯೂನಿಕ್ಸ್ ವಂಶದಲ್ಲಿ ಬರ್ಕ್ಲಿಯ ಬಿಎಸ್‌ಡಿ ಮನೆತನದವರು ಈ ಮೈನಸ್ ಗೀಟಿಲ್ಲದೆ ಬರೆಯುತ್ತಿದ್ದರು, ಎಟಿ ಅಂಡ್ ಟಿಯ ಸಿಸ್ಟಂ ಫೈವ್ ಮನೆತನದವರು ಗೀಟೆಳೆದೇ ಬರೆಯುತ್ತಿದ್ದರು. ಲಿನಕ್ಸಿನ ಪಿಎಸ್ ಎರಡೂ ಬೀಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿತು. ಎಡವಟ್ಟು ಆಗುವುದು ಗೀಟೆಳೆದು ಎ-ಯು-ಎಕ್ಸ್ ಎಂದಾಗ. ನಿಯಮದ ಪ್ರಕಾರ ಅದರ ಅರ್ಥವೇ ಬೇರೆ: ಎಕ್ಸ್ ಎಂಬ ಹೆಸರಿನ ಬಳಕೆದಾರನ ಪ್ರೊಸೆಸ್ಸುಗಳನ್ನೂ ತೋರಿಸು ಎಂದು! ಅಂಥ ಪುಣ್ಯಾತ್ಮ ಊರಲ್ಲಿಲ್ಲದಿದ್ದರೆ, ಪಾಪ, ಗೀಟು ಕೈತಪ್ಪಿ ಬಿದ್ದಿರಬೇಕು ಎಂದು ಪಿಎಸ್ಸೇ ಕನಿಕರಿಸಿ ಎಂದಿನ ಪಟ್ಟಿ ಕೊಡುತ್ತದೆ. ಈ ಕನಿಕರವನ್ನು ನಂಬಿಕೊಂಡು ಕೂರಬೇಡಿ ಎಂದು ಕೈಪಿಡಿ ಎಚ್ಚರಿಸುತ್ತದೆ. ಎಕ್ಸ್ ಎಂಬವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಕಚೇರಿಯವರು ಯೋಚಿಸುವುದು ಒಳ್ಳೆಯದು.

ಈ ಶಾನುಭೋಗನಿಗೆ ನಾಚಿಕೆಯೂ ಕಡಿಮೆ. ಪಟ್ಟಿ ಜಾರಿಸುತ್ತಿದ್ದಾಗ ಒಂದು ಸಾಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಹಲ್ಲು ಕಿರಿಯುತ್ತಿತ್ತು. ಕಮಾಂಡಿನ ಜೊತೆಗೇ ಪಾಸ್‌ವರ್ಡ್ ಬರೆದರೆ ಲಾಗಿನ್ ಆದವರೆಲ್ಲ ಓದಬಹುದು.

“ಪೇರೆಂಟ್ ಸಿಕ್ತು ಮೇಡಂ. ರಿಪೋರ್ಟ್ ಕಳಿಸೋ ಸರ್ವಿಸ್ಸು.”

“ವೇಯ್ಟ್ ಮಾಡೋದು ಮರೆತಿದಾರೆ. ಯಾರಪ್ಪಾ ಬರೆದೋರು ಅದನ್ನ?”

ಮೂರು ವಾರದ ಹಿಂದೆ ಬರೆದವನು ಆತನೇ. “ಬೆಳಿಗ್ಗೆ ನೋಡಿ ಹೇಳ್ತೀನಿ ಮೇಡಂ” ಎಂದ.

“ಈಗ ಅದನ್ನ ರೀಸ್ಟಾರ್ಟ್ ಮಾಡಿ ಮಲಕ್ಕೊ.”

ಮಾಡಿದ. ಅಪ್ಪ ಹೋದೊಡನೆ ಅನಾಥ ಹೆಣಗಳೆಲ್ಲ ಒಂದನೇ ನಂಬರಿನ ಪ್ರೊಸೆಸ್ಸಿನ ಪಾಲಿಗೆ ಬಂದವು. ಮೂಲಪುರುಷನಾದ ಆತ ಒಂದೊಂದಕ್ಕೂ ಎಳ್ಳುನೀರು ಬಿಟ್ಟು ಕಡತದಿಂದ ತೆಗೆದ. ಕಣ್ಣೆವೆ ಮುಚ್ಚುವುದರೊಳಗೆ ಸ್ಮಶಾನ ಖಾಲಿ.

ಖಾತ್ರಿಗೆಂದು ಹುಡುಗ ಪಿಎಸ್ಸಿನ ಪಟ್ಟಿಯನ್ನು ಗ್ರೆಪ್‌ಗೆ ಹಾಯಿಸಿ ಡಿಫಂಕ್ಟ್ ಪದವನ್ನು ಹುಡುಕಿದ. ಒಂದು ಸಾಲು ಬಂತು. ಎದೆ ಧಸಕ್ಕೆಂದಿತು. ಆ ನಂಬರಿಗೆ ಕಿಲ್ ಹೊಡೆದ. ಅಂಥ ಪ್ರೊಸೆಸ್ಸೇ ಇಲ್ಲ ಎಂಬ ಉತ್ತರ. ಮತ್ತೆ ಹುಡುಕಿದ. ಮತ್ತೆ ಒಂದೇ ಸಾಲು, ಈ ಸಲ ಬೇರೆ ನಂಬರು. ಹೀಗೆ ಏಳೆಂಟು ಸಲ ಅಟ್ಟಾಡಿಸಿದ ಮೇಲೆ ಸಾಲಿನ ಕೊನೆಯವರೆಗೂ ಓದುವ ಬುದ್ಧಿ ಬಂತು. ಅದು ಡಿಫಂಕ್ಟ್ ಪದವನ್ನು ಹುಡುಕಲು ಹೊರಟಿದ್ದ ಗ್ರೆಪ್ಪೇ. ಹುಡುಕುವ ಪದವನ್ನು ತನ್ನ ಹಣೆಯ ಮೇಲೆ ಬರೆದುಕೊಂಡೇ ಅದು ಕಡತದಲ್ಲಿ ದಾಖಲಾಗುತ್ತಿತ್ತು, ಹುಡುಕಿ ಮುಗಿಸಿ ಸಾಯುತ್ತಿತ್ತು.

ಹಳಬರ ಉಪಾಯವೊಂದು ನೆನಪಾಗಿ, ಪದದ ಮೊದಲಕ್ಷರವನ್ನು ಚೌಕ ಕಂಸದೊಳಗಿಟ್ಟು ಹುಡುಕಿದ. ಹಣೆಯ ಮೇಲಿನ ಬರಹ ಈಗ ಹುಡುಕುವ ಪದಕ್ಕೆ ತಾಳೆಯಾಗಲಿಲ್ಲ, ಸಾಲು ಮಾಯ. ಗಂಟೆ ಮೂರೂಮುಕ್ಕಾಲು. ಫೋನಿನಲ್ಲಿ ಮೇಡಂ ಮೆಸೇಜು ಬಂದು ಕೂತಿತ್ತು: “ಕೋಡ್ ಹಿಸ್ಟರಿ ನೋಡಿದೆ. ಬೆಳಿಗ್ಗೆ ಮಾತಾಡೋಣ.”