ಆರ್.ಟಿ. ನಗರದಲ್ಲೊಂದು ಸಮುದ್ರ

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಆರ್.ಟಿ. ನಗರಕ್ಕೆ ಸಮುದ್ರವನ್ನೇ ತರಲು ನಮ್ಮ ಭಾವ ಹೊರಟಿದ್ದಾರೆ. ಅಂದರೆ ಉಪ್ಪುನೀರಿನ ಮೀನುತೊಟ್ಟಿ, 60 ಲೀಟರಿನದು. ಫಿಲ್ಟರಿನ ಚರ್ಚೆ ಮಾತ್ರ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕಿನಷ್ಟು ಉದ್ದ. ಬೋರ್‌ವೆಲ್ ನೀರು ಆಗದು, ಆರ್‌ಒ ಶುದ್ಧೀಕರಿಸಿದ ನೀರೇ ಬೇಕು. ಲೀಟರಿಗೆ 35 ಗ್ರಾಂ ಉಪ್ಪು ಎಂದದ್ದೇ ತಡ, ಅಕ್ಕ ಅಡುಗೆಮನೆಯ ಡಬ್ಬಿ ಬಚ್ಚಿಟ್ಟಳು. ಅದು ಬೇರೆ ಉಪ್ಪು ಎಂದರೆ ನಂಬುವವಳಲ್ಲ.

ಆಮೇಲೆ ಸ್ಕಿಮ್ಮರ್. ಸಣ್ಣ ಗುಳ್ಳೆಗಳಿಗೆ ಮೀನಿನ ಕೊಳೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತದಂತೆ. "ನೊರೆ ನೋಡೋಕೆ ದುಡ್ಡು ಯಾಕಪ್ಪಾ? ಬೆಳ್ಳಂದೂರು ಕೆರೆಗೆ ಹೋದ್ರಾಯ್ತು" ಎಂದರು ಅಪ್ಪ.

ನನ್ನ ಪ್ರಕಾರ ಇಷ್ಟು ಪುಟ್ಟ ತೊಟ್ಟಿಗೆ ತೂತುತೂತಿನ ಕಲ್ಲು, ಒಂದು ಪಂಪು, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾವಣೆ ಸಾಕು. ಇನ್ನು ತೊಟ್ಟಿಗೆ ಹವಳ ಹಾಕೋಣವೆಂದರೆ, ನಮ್ಮ ಕಡಲಿನದನ್ನು ಮುಟ್ಟುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿಯ ಜೊತೆ ಮೊದಲ ಪಟ್ಟಿಯಲ್ಲೇ ಇದೆ.

"ರೀ, ಹುಲಿನೂ ತರ್ತೀರಾ?" ಎಂದಳು ಅಕ್ಕ.